ಒಂದೇ ಕಾರ್ಯಕ್ರಮ, ಮೂರು ಕಡೆ ಪ್ರಸಾರ: ಕೇಳುಗರ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ನಾವು ಅಂಕೋಲಾದವರು, ಹಾರ್ಡ್‌ವೇರ್ ಅಂಗಡಿ ಇದೆ. ಬೆಳಿಗ್ಗೆ ಅಪ್ಪ ತೋಟದ ಮನೆಯಲ್ಲಿ ಹಳೇ ಟ್ರಾನ್ಸಿಸ್ಟರಿನಲ್ಲಿ ಮೀಡಿಯಂ ವೇವ್ ಹಚ್ಚುತ್ತಾರೆ. ನಾನು ಕಾರಿನಲ್ಲಿ ಎಫ್‌ಎಂ ಕೇಳುತ್ತೇನೆ. ಮನೆಯವಳು ಅಡುಗೆಮನೆಯಲ್ಲಿ ಮೊಬೈಲ್ ಆಪ್ ಹಾಕಿಕೊಳ್ಳುತ್ತಾಳೆ. ಮೂವರ ಕಿವಿಗೂ ಬೀಳುವುದು ಅದೇ ವಾರ್ತೆ, ಅದೇ ದನಿ. ಈಚೆಗೆ ಜಾಹೀರಾತಿನ ಏಜೆಂಟ್ ಒಬ್ಬರು ಬಂದು, ಎಫ್‌ಎಂ, ಮೀಡಿಯಂ ವೇವ್, ಆಪ್ ಎಲ್ಲ ಸೇರಿ ಇಷ್ಟು ಸಾವಿರ ಕೇಳುಗರು ಎಂದು ಒಂದು ದೊಡ್ಡ ಸಂಖ್ಯೆ ತೋರಿಸಿದರು. ಒಂದೇ ಕಾರ್ಯಕ್ರಮ ಮೂರು ಕಡೆ ಬಂದರೆ ಕೇಳುಗರನ್ನು ಎಣಿಸುವುದು ಹೇಗೆ? ನಮ್ಮ ಮನೆಗೆ ಯಾರೂ ಕೇಳಲು ಬಂದೇ ಇಲ್ಲವಲ್ಲ?

ಉತ್ತರ: ಆ ದೊಡ್ಡ ಸಂಖ್ಯೆ ಬರೀ ಕೂಡಿಸಿ ತಂದದ್ದಾದರೆ ಅದು ತಪ್ಪು. ಎಷ್ಟು ತಪ್ಪು ಅನ್ನುವುದು ಅವರು ಏನನ್ನು ಕೂಡಿಸಿದ್ದಾರೆ ಎಂಬುದರ ಮೇಲೆ ನಿಂತಿದೆ. ಸಹಪ್ರಸಾರದ, ಅಂದರೆ ಒಂದೇ ಕಾರ್ಯಕ್ರಮ ಒಟ್ಟಿಗೆ ಹಲವು ಕಡೆ ಬರುವಾಗಿನ, ಲೆಕ್ಕದಲ್ಲಿ ಕೂಡಿಸಬಹುದಾದ ಸಂಖ್ಯೆ ಒಂದಿದೆ, ಕೂಡಿಸಲೇಬಾರದ ಸಂಖ್ಯೆ ಇನ್ನೊಂದಿದೆ. ಎರಡನ್ನೂ ಜನ ‘ಕೇಳುಗರು’ ಎಂದೇ ಕರೆಯುತ್ತಾರೆ. ಗೊಂದಲ ಶುರುವಾಗುವುದು ಅಲ್ಲೇ.

ಮದುವೆ ಮನೆಯಲ್ಲಿ ಬೆಳಿಗ್ಗೆ ತಿಂಡಿಗೆ ಹಾಕಿದ ಎಲೆ, ಮಧ್ಯಾಹ್ನದ ಊಟಕ್ಕೆ ಹಾಕಿದ ಎಲೆ ಎರಡನ್ನೂ ಕೂಡಿಸಿ ‘ಇಷ್ಟು ಜನ ಬಂದಿದ್ದರು’ ಎಂದರೆ ಒಪ್ಪುತ್ತೀರಾ? ಎರಡೂ ಹೊತ್ತು ಉಂಡವರು ಎರಡು ಸಲ ಲೆಕ್ಕಕ್ಕೆ ಬಂದರು. ಆದರೆ ಒಂದೇ ಪಂಕ್ತಿಯಲ್ಲಿ, ಒಂದೇ ಹೊತ್ತಿಗೆ, ಚಪ್ಪರದಲ್ಲೂ ಜಗಲಿಯಲ್ಲೂ ಕುಳಿತವರನ್ನು ಕೂಡಿಸಿದರೆ ಲೆಕ್ಕ ಸರಿ. ಯಾಕೆಂದರೆ ಒಬ್ಬ ಮನುಷ್ಯ ಒಂದು ಹೊತ್ತಿಗೆ ಒಂದು ಕಡೆ ಮಾತ್ರ ಕೂರಬಲ್ಲ.

ರೇಡಿಯೋದವರ ಮಾತಿನಲ್ಲಿ ಕೂಡಿಸಲೇಬಾರದ ಸಂಖ್ಯೆ ಕ್ಯೂಮ್ ಅಥವಾ ರೀಚ್. ವಾರದಲ್ಲಿ ಒಮ್ಮೆಯಾದರೂ, ಕನಿಷ್ಠ ಐದು ನಿಮಿಷ ಕೇಳಿದವರು ಎಷ್ಟು ಜನ ಎಂಬ ಲೆಕ್ಕ ಅದು. ಒಬ್ಬರನ್ನು ಒಂದೇ ಸಲ ಎಣಿಸಬೇಕು. ಕೂಡಿಸಬಹುದಾದದ್ದು ಆವರೇಜ್ ಕ್ವಾರ್ಟರ್ ಅವರ್, ಅಂದರೆ ಕಾಲು ಗಂಟೆಯ ಸರಾಸರಿ. ಯಾವುದಾದರೂ ಹದಿನೈದು ನಿಮಿಷ ತೆಗೆದುಕೊಂಡರೆ, ಆ ಹೊತ್ತಿನಲ್ಲಿ ಸರಾಸರಿ ಎಷ್ಟು ಜನ ಕೇಳುತ್ತಿದ್ದರು ಎಂಬುದು. ಜಾಹೀರಾತಿನ ರೇಟ್ ಮಾತನಾಡುವವರಿಗೆ ಬೇಕಾದದ್ದು ಜಾಸ್ತಿ ಇದೇ. ಆದರೆ ಹೇಳಿಕೊಳ್ಳಲು ದೊಡ್ಡದಾಗಿ ಕಾಣುವುದು ಕ್ಯೂಮ್. ಹಾಗಾಗಿ ಪೋಸ್ಟರಿನಲ್ಲಿ ಬರುವುದು ಯಾವಾಗಲೂ ಕ್ಯೂಮೇ.

ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ಬರೀ ಉದಾಹರಣೆಗೆ. ಒಂದು ಊರಿನಲ್ಲಿ ಹನ್ನೆರಡು ವರ್ಷ ಮೇಲ್ಪಟ್ಟವರು 10,000 ಜನ ಎನ್ನಿ. ವಾರದಲ್ಲಿ ಎಫ್‌ಎಂ ಕೇಳಿದವರು 1,200, ಮೀಡಿಯಂ ವೇವ್ ಕೇಳಿದವರು 500, ಆಪ್‌ನಲ್ಲಿ ಕೇಳಿದವರು 300. ಕೂಡಿಸಿದರೆ 2,000. ಆದರೆ ಆಪ್‌ನ 300 ಜನರಲ್ಲಿ 250 ಜನ ಕಾರಿನಲ್ಲೋ ಅಂಗಡಿಯಲ್ಲೋ ಎಫ್‌ಎಂ ಕೂಡ ಕೇಳುವವರೇ. ಮೀಡಿಯಂ ವೇವ್‌ನ 500ರಲ್ಲಿ 150 ಜನ ಎಫ್‌ಎಂಗೂ ಸೇರಿದವರು. ಮೀಡಿಯಂ ವೇವ್ ಮತ್ತು ಆಪ್ ಎರಡನ್ನೂ ಕೇಳುವವರು ಯಾರೂ ಇಲ್ಲ ಎಂದುಕೊಳ್ಳೋಣ. ನಿಜವಾದ ಕೇಳುಗರು 1,600. ಉಳಿದ 400 ಎರಡು ಸಲ ಎಣಿಸಿದ ತಲೆಗಳು.

ಅದೇ ಊರಲ್ಲಿ ಬೆಳಿಗ್ಗೆ 7ರಿಂದ 7.15ರವರೆಗೆ ಎಫ್‌ಎಂನಲ್ಲಿ 300, ಮೀಡಿಯಂ ವೇವ್‌ನಲ್ಲಿ 120, ಆಪ್‌ನಲ್ಲಿ 40 ಜನ ಕೇಳುತ್ತಿದ್ದರು ಎನ್ನಿ. ಒಟ್ಟು 460. ಇಲ್ಲಿ ಕೂಡಿಸಿದ್ದು ಬಹುಮಟ್ಟಿಗೆ ಸರಿ. 10,000ಕ್ಕೆ 460 ಅಂದರೆ ರೇಟಿಂಗ್ 4.6. ಆ ಹೊತ್ತಿಗೆ ಯಾವುದೋ ಒಂದು ರೇಡಿಯೋ ಕೇಳುತ್ತಿದ್ದವರೇ 800 ಜನ ಇದ್ದರೆ, ಆ 800ರಲ್ಲಿ 460 ಅಂದರೆ ಶೇರ್ 57.5. ಏಜೆಂಟ್ ‘ಐವತ್ತೇಳು ಪರ್ಸೆಂಟ್ ಸಾರ್’ ಅಂದರೆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಕೇಳುತ್ತಾರೆ ಎಂದು ತಿಳಿಯಬೇಡಿ. ರೇಡಿಯೋ ಹಚ್ಚಿದವರಲ್ಲಿ ಅಷ್ಟು, ಅಷ್ಟೇ.

‘ಬಹುಮಟ್ಟಿಗೆ’ ಅಂದೆ. ಯಾಕೆ ಅಂದರೆ ಕಾಲು ಗಂಟೆಯೊಳಗೂ ಜನ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾರೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಎಫ್‌ಎಂ ಸಿಗ್ನಲ್ ನೇರ ದೃಷ್ಟಿಯ ದಾರಿ ಹಿಡಿಯುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ನೀವು ಅಂಕೋಲಾದಿಂದ ಯಲ್ಲಾಪುರದ ಕಡೆ ಹೊರಟಿದ್ದೀರಿ ಎನ್ನಿ. 7.15ಕ್ಕೆ ಕಾರಿನಲ್ಲಿ ಕಾರವಾರ ಆಕಾಶವಾಣಿಯ 102.3 ಬರುತ್ತಿದೆ. ನಾಲ್ಕು ನಿಮಿಷ ಕೇಳಿದಿರಿ, ಅರಬೈಲು ಘಟ್ಟದ ತಿರುವುಗಳಲ್ಲಿ ಬರೀ ಸೊಂಯ್ ಅನ್ನಲು ಶುರುವಾಯಿತು. ಸ್ವಲ್ಪ ಮೇಲೆ ಹೋದ ಮೇಲೆ ಮೊಬೈಲ್ ನೆಟ್‌ವರ್ಕ್ ಸಿಕ್ಕಿತು, ಆಪ್ ಹಾಕಿದಿರಿ, 7.30ರೊಳಗೆ ಎರಡು ನಿಮಿಷ ಕೇಳಿದಿರಿ. ಒಂದು ಕಾಲು ಗಂಟೆಯಲ್ಲಿ ಐದು ನಿಮಿಷ ಕೇಳಿದರೆ ಮಾತ್ರ ಲೆಕ್ಕ ಎಂಬುದು, ಕೇಳಿದ್ದನ್ನು ಕೇಳುಗರೇ ಬರೆದಿಡುವ ಡೈರಿ ಪದ್ಧತಿಯ ಹಳೇ ನಿಯಮ. ಎಫ್‌ಎಂ ಬೇರೆ, ಆಪ್ ಬೇರೆ ಎಂದು ಎಣಿಸಿದರೆ ನೀವು ಎರಡರಲ್ಲೂ ಇಲ್ಲ. ಎರಡನ್ನೂ ಒಂದೇ ಎಂದು ಎಣಿಸಿದರೆ ಆರು ನಿಮಿಷ ಆಯಿತು, ನೀವು ಒಬ್ಬ ಕೇಳುಗ.

ಇದರ ಉಲ್ಟಾ ಕೂಡ ಆಗುತ್ತದೆ. ಅದೇ ಕಾಲು ಗಂಟೆಯಲ್ಲಿ ಏಳು ನಿಮಿಷ ಎಫ್‌ಎಂ, ಎಂಟು ನಿಮಿಷ ಆಪ್ ಕೇಳಿದ್ದರೆ, ಬೇರೆ ಬೇರೆ ಎಣಿಸಿ ಕೂಡಿಸಿದಾಗ ನೀವು ಇಬ್ಬರು. ಒಟ್ಟಿಗೆ ಎಣಿಸಿದರೆ ಒಬ್ಬರು.

ಹಾಗಾದರೆ ಒಟ್ಟಿಗೆ ಎಣಿಸಬೇಕೋ, ಬೇರೆ ಬೇರೆಯೋ? ಇದಕ್ಕೆ ಚೆನ್ನಾಗಿ ತಲೆ ಕೆಡಿಸಿಕೊಂಡವರು ಅಮೆರಿಕದವರು. ಅಲ್ಲಿ ಈ ಲೆಕ್ಕ ಹಾಕುವ ಸಂಸ್ಥೆ ನೀಲ್ಸನ್. ಮೊದಲು ಆರ್ಬಿಟ್ರಾನ್ ಎಂಬ ಕಂಪನಿ ಮಾಡುತ್ತಿತ್ತು, 2013ರಲ್ಲಿ ನೀಲ್ಸನ್ ಅದನ್ನು ಕೊಂಡಿತು. ದೊಡ್ಡ ಊರುಗಳಲ್ಲಿ ಆಯ್ದ ಜನರಿಗೆ ಪೋರ್ಟಬಲ್ ಪೀಪಲ್ ಮೀಟರ್ ಎಂಬ ಸಣ್ಣ ಯಂತ್ರ ಕೊಡುತ್ತಾರೆ. ಸ್ಟೇಷನ್ನಿನವರು ತಮ್ಮ ಧ್ವನಿಯೊಳಗೆ, ಕಿವಿಗೆ ಗೊತ್ತಾಗದ ಹಾಗೆ, ಒಂದು ಗುರುತಿನ ಕೋಡ್ ಸೇರಿಸಿ ಪ್ರಸಾರ ಮಾಡುತ್ತಾರೆ. ಜೇಬಿನಲ್ಲಿರುವ ಯಂತ್ರ ಆ ಕೋಡ್ ಹಿಡಿದು, ಎಷ್ಟು ಹೊತ್ತಿಗೆ ಯಾವುದು ಕೇಳಿಸಿತು ಎಂದು ಬರೆದುಕೊಳ್ಳುತ್ತದೆ. ಎಫ್‌ಎಂಗೆ ಒಂದು ಕೋಡ್, ಎಎಂಗೆ (ಅದೇ ಮೀಡಿಯಂ ವೇವ್) ಒಂದು, ಇಂಟರ್ನೆಟ್ ಸ್ಟ್ರೀಮಿಗೆ ಇನ್ನೊಂದು ಕೊಡಬಹುದು. ಹಾಡು ಒಂದೇ, ದನಿ ಒಂದೇ ಇದ್ದರೂ ಯಾವ ದಾರಿಯಿಂದ ಬಂತು ಎಂಬುದು ಯಂತ್ರಕ್ಕೆ ಗೊತ್ತು.

ಕೋಡ್ ಬೇರೆ ಇದ್ದರೂ ವರದಿಯಲ್ಲಿ ಒಂದೇ ಸಾಲಾಗಿ ತೋರಿಸಲು ಅವಕಾಶ ಇದೆ. ಅದಕ್ಕೆ ಟೋಟಲ್ ಲೈನ್ ರಿಪೋರ್ಟಿಂಗ್ ಎನ್ನುತ್ತಾರೆ. ಷರತ್ತು ಬಿಗಿ: ಪ್ರಸಾರ ಪೂರ್ತಿ ಒಂದೇ ಆಗಿರಬೇಕು, ಜಾಹೀರಾತೂ ಸೇರಿ. ಎಫ್‌ಎಂನಲ್ಲಿ ಸಿಮೆಂಟಿನ ಜಾಹೀರಾತು ಹೋಗುವಾಗ ಸ್ಟ್ರೀಮಿನಲ್ಲಿ ಮೊಬೈಲ್ ಕಂಪನಿಯದು ಹೋದರೆ ಒಂದೇ ಸಾಲು ಸಿಗುವುದಿಲ್ಲ. ಕಾರಣ ಸರಳ. ಕೊನೆಗೆ ಈ ಸಂಖ್ಯೆಗೆ ದುಡ್ಡು ಕೊಡುವವನು ಜಾಹೀರಾತುದಾರ. ಸಿಮೆಂಟಿನವನ ಸ್ಪಾಟ್ ಕೇಳದ ಮನುಷ್ಯನನ್ನು ಅವನ ಲೆಕ್ಕಕ್ಕೆ ಹಾಕಬಾರದು, ಅಲ್ವಾ?

ಇದರಿಂದ ಸ್ಟೇಷನ್ನಿನವರಿಗೆ ಒಂದು ಪೇಚು. ಒಂದೇ ಸಾಲು ತೆಗೆದುಕೊಂಡರೆ ಪಟ್ಟಿಯಲ್ಲಿ ಮೇಲೇರಬಹುದು, ಆದರೆ ಸ್ಟ್ರೀಮಿನಲ್ಲಿ ಬೇರೆ ಜಾಹೀರಾತು ಮಾರಿ ಸಿಗುವ ದುಡ್ಡು ಹೋಗುತ್ತದೆ. ಎರಡನ್ನೂ ಬಯಸುವಂತಿಲ್ಲ.

ಯಂತ್ರದ ಐದು ನಿಮಿಷದ ನಿಯಮವನ್ನು ನೀಲ್ಸನ್ 2025ರ ಜನವರಿಯಿಂದ ಮೂರು ನಿಮಿಷಕ್ಕೆ ಇಳಿಸಿದೆ. ಅರಬೈಲಿನ ಉದಾಹರಣೆಗೆ ಇದನ್ನು ಹಚ್ಚಿದರೆ, ಎಫ್‌ಎಂನ ನಾಲ್ಕು ನಿಮಿಷವೇ ಸಾಕಾಗುತ್ತಿತ್ತು. ಒಂದೇ ದಿನ, ಅದೇ ಕೇಳುಗ, ಅದೇ ಕೇಳುವಿಕೆ. ನಿಯಮ ಬದಲಾದರೆ ಸಂಖ್ಯೆ ಏರುತ್ತದೆ. ಆಗ ‘ರೇಡಿಯೋ ಕೇಳುವವರು ಜಾಸ್ತಿ ಆದರು’ ಎಂಬ ಸುದ್ದಿ ಓದಿದರೆ ಸ್ವಲ್ಪ ತಡೆದು ನೋಡಬೇಕು.

ಎಲ್ಲ ಯಂತ್ರಗಳೂ ಕೋಡ್ ಹಿಡಿಯುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2001ರಿಂದ ಕೈಗಡಿಯಾರದಂಥ ಮೀಟರ್ ಬಂತು. ಅದು ನಿಮಿಷಕ್ಕೆ ಕೆಲವು ಸೆಕೆಂಡಿನ ಸದ್ದನ್ನು ಗುರುತಿಟ್ಟುಕೊಂಡು, ಆಮೇಲೆ ಸ್ಟೇಷನ್ನುಗಳ ಧ್ವನಿಯ ಜೊತೆ ತಾಳೆ ನೋಡುವ ಪದ್ಧತಿ. ಜಾಣ ಉಪಾಯವೇ. ಆದರೆ ಎರಡು ಸ್ಟೇಷನ್ನಿನಲ್ಲಿ ಅದೇ ಕ್ಷಣಕ್ಕೆ ಅದೇ ಸದ್ದು ಇದ್ದರೆ, ತಾಳೆ ಎರಡಕ್ಕೂ ಆಗುತ್ತದೆ. ಬರೀ ಸದ್ದಿನಿಂದ ಬೇರ್ಪಡಿಸಲು ಆಗುವುದಿಲ್ಲ. ಸಹಪ್ರಸಾರದ ಮುಂದೆ ಈ ಪದ್ಧತಿ ಕುರುಡು.

ಬ್ರಿಟನ್ನಿನಲ್ಲಿ ರಜಾರ್ ಎಂಬ ಸಂಸ್ಥೆ 1992ರಿಂದ ಡೈರಿ ಬರೆಸುತ್ತಿದೆ. ಬಿಬಿಸಿ ಮತ್ತು ಖಾಸಗಿ ರೇಡಿಯೋದವರು ಸೇರಿ ನಡೆಸುವುದು. ಹದಿನೈದು ವರ್ಷ ಮೇಲ್ಪಟ್ಟವರು ಒಂದು ವಾರ, ಕಾಲು ಗಂಟೆ ಕಾಲು ಗಂಟೆಗೆ ಏನು ಕೇಳಿದೆವು, ಯಾವುದರಲ್ಲಿ ಕೇಳಿದೆವು ಎಂದು ಗುರುತು ಹಾಕಬೇಕು. ಅಲ್ಲಿ ಒಂದೇ ಹೆಸರಿನ ಸ್ಟೇಷನ್ನುಗಳ ಜಾಲ ಬಹಳ. ಕಾರ್ಯಕ್ರಮ ಒಂದೇ, ನಡುವೆ ಸ್ಥಳೀಯ ವಾರ್ತೆ, ಜಾಹೀರಾತು ಬೇರೆ. ಪ್ರತಿ ಸ್ಟೇಷನ್ನಿಗೂ ತನ್ನ ಸೀಮೆ ಗೊತ್ತು ಮಾಡಿರುತ್ತಾರೆ, ಸಂಖ್ಯೆ ಆ ಸೀಮೆಯೊಳಗಿನದು. ಇಡೀ ಜಾಲಕ್ಕೆ ಬೇರೆ ಒಂದು ಒಟ್ಟು ಸಂಖ್ಯೆ ಕೊಡುತ್ತಾರೆ. ಎರಡು ಸೀಮೆಯ ಅಂಚಿನಲ್ಲಿ ಇರುವವರು ಎರಡೂ ಕಡೆ ಬರುತ್ತಾರಲ್ಲ, ಆದ್ದರಿಂದ ಸ್ಟೇಷನ್ನುಗಳ ರೀಚ್ ಕೂಡಿಸಿದರೆ ಜಾಲದ ರೀಚಿಗಿಂತ ಜಾಸ್ತಿ ಬರುತ್ತದೆ. ಹಾಗೆ ಬರಲೇಬೇಕು. ನಮ್ಮಲ್ಲಿ ಭಟ್ಕಳ, ಹೊನ್ನಾವರದವರನ್ನು ನೆನೆಯಿರಿ. ಬ್ರಹ್ಮಾವರದ ಟ್ರಾನ್ಸ್‌ಮಿಟರಿನಿಂದ 1089 ಕಿಲೋಹರ್ಟ್ಸ್‌ನಲ್ಲಿ ಮಂಗಳೂರು ಆಕಾಶವಾಣಿ ಕರಾವಳಿಗುಂಟ ಕೇಳಿಸುತ್ತಿತ್ತು. ಉಪ್ಪುನೀರಿನ ಮೇಲೆ ಮೀಡಿಯಂ ವೇವ್ ನೆಲದ ಮೇಲಿಗಿಂತ ದೂರ ಹೋಗುತ್ತದೆ. ರಾಜ್ಯದ ವಾರ್ತೆಯನ್ನು ಕರ್ನಾಟಕದ ಕೇಂದ್ರಗಳೆಲ್ಲ ಒಟ್ಟಿಗೆ ಪ್ರಸಾರ ಮಾಡುವಾಗ, ಅಲ್ಲಿಯವರು ಕೇಳಿದ್ದು ಮಂಗಳೂರಿನದೋ ಕಾರವಾರದ್ದೋ ಎಂದು ಅವರಿಗೇ ಬೇಕಾಗಿರಲಿಲ್ಲ.

ಡೈರಿ ಆಗಲಿ, ಬಾಯಿಮಾತಿನ ಸರ್ವೆ ಆಗಲಿ, ಗಂಟು ಇರುವುದು ಇಲ್ಲೇ. ಯಂತ್ರ ಕೋಡ್ ಹೇಳುತ್ತದೆ. ಮನುಷ್ಯ ಹೆಸರು ಹೇಳುತ್ತಾನೆ. ಶಿರಸಿ, ಯಲ್ಲಾಪುರದ ಹಳ್ಳಿಗಳಲ್ಲಿ ಒಂದು ಸಣ್ಣ ಕೇಳುಗರ ಸರ್ವೆಗೆ ನಾನು ಮನೆ ಮನೆಗೆ ಹೋಗಿದ್ದೆ. ಫಾರಂನಲ್ಲಿ ಪ್ರಶ್ನೆ: ‘ನಿನ್ನೆ ಯಾವ ರೇಡಿಯೋ ಕೇಂದ್ರ ಕೇಳಿದಿರಿ?’ ಪಕ್ಕದಲ್ಲಿ ಟಿಕ್ ಹಾಕುವ ಚೌಕಗಳು, ಕಾರವಾರ, ಧಾರವಾಡ, ವಿವಿಧ ಭಾರತಿ, ಇತರೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಒಬ್ಬ ಅಜ್ಜಿ ಅಂದರು, ‘ಆಕಾಶವಾಣಿ.’

‘ಯಾವ ಆಕಾಶವಾಣಿ ಅಜ್ಜಿ?’

‘ಆಕಾಶವಾಣಿ ಅಂದ್ರೆ ಆಕಾಶವಾಣಿನೇ ತಮಾ. ಧಾರವಾಡ ಅಂತ ಬರ್ಕ.’

ಕಿಟಕಿಯ ಮೇಲಿದ್ದ ರೇಡಿಯೋದ ಮುಳ್ಳು ನೋಡಿದರೆ ಎಫ್‌ಎಂನಲ್ಲಿ, 102ರ ಹತ್ತಿರ ನಿಂತಿತ್ತು. ಧಾರವಾಡ ಕೇಳುತ್ತಿದ್ದದ್ದು ಹಿಂದಿನ ದೊಡ್ಡ ರೇಡಿಯೋದಲ್ಲಿ, 765 ಕಿಲೋಹರ್ಟ್ಸ್‌ನಲ್ಲಿ. ಪೆಟ್ಟಿಗೆ ಬದಲಾಗಿತ್ತು, ಮನೆಯಲ್ಲಿ ಆಡುವ ಹೆಸರು ಬದಲಾಗಿರಲಿಲ್ಲ. ಧಾರವಾಡದಿಂದ ರಿಲೇ ಆಗಿ ಬಂದ ವಾರ್ತೆಯ ಕೊನೆಗೆ ‘ಧಾರವಾಡ’ ಎಂಬ ಮಾತೂ ಕಿವಿಗೆ ಬಿದ್ದಿದ್ದರೆ ಅಜ್ಜಿಯದು ತಪ್ಪು ಎನ್ನುವ ಹಾಗೂ ಇಲ್ಲ. ಚೌಕದಲ್ಲಿ ಟಿಕ್ ಎಲ್ಲಿ ಹಾಕಬೇಕು? ನಮ್ಮ ತಂಡದಲ್ಲೇ ಒಬ್ಬೊಬ್ಬರು ಒಂದೊಂದು ಹಾಕಿದ್ದರು. ಆಮೇಲೆ ಪ್ರಶ್ನೆಯನ್ನೇ ಒಡೆದೆವು: ಎಷ್ಟು ಹೊತ್ತಿಗೆ, ಯಾವ ಪೆಟ್ಟಿಗೆಯಲ್ಲಿ, ಏನು ಬರುತ್ತಿತ್ತು. ಕೇಂದ್ರದ ಹೆಸರನ್ನು ನಾವು ಕ್ಯೂ ಶೀಟ್, ಅಂದರೆ ಯಾವ ಹೊತ್ತಿಗೆ ಏನು ಪ್ರಸಾರ ಎಂದು ಬರೆದ ಹಾಳೆ, ನೋಡಿ ಹೊಂದಿಸಿಕೊಂಡೆವು. ಸಹಪ್ರಸಾರದ ವಿಷಯದಲ್ಲಿ ಕೇಳುಗನಿಂದ ಕೇಂದ್ರದ ಹೆಸರು ಕೇಳಿ ಬರೆದ ಯಾವ ಸರ್ವೆಯನ್ನೂ ನಾನು ಪೂರ್ತಿ ನಂಬುವುದಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನಿಮ್ಮ ಮನೆಗೆ ಯಾರೂ ಬಂದಿಲ್ಲ, ಬರುವ ಸಂಭವವೂ ಕಡಿಮೆ. ಭಾರತದಲ್ಲಿ ರೇಡಿಯೋಕ್ಕೆಂದೇ ವಾರವಾರದ ಲೆಕ್ಕ ಶುರುವಾದದ್ದು 2007ರಲ್ಲಿ, ಟ್ಯಾಮ್ ಸಂಸ್ಥೆಯ ರ‍್ಯಾಮ್ ಎಂಬ ವ್ಯವಸ್ಥೆಯಿಂದ. ಅದೂ ಡೈರಿ. ಅದರಲ್ಲಿದ್ದ ಊರುಗಳು ಮುಂಬೈ, ದೆಹಲಿ, ಬೆಂಗಳೂರು, ಕೋಲ್ಕತಾ. ಕಾರವಾರದ ಮಾತು ಬಿಡಿ, ಹುಬ್ಬಳ್ಳಿ, ಮಂಗಳೂರೂ ಇರಲಿಲ್ಲ. ಇಂಡಿಯನ್ ರೀಡರ್‌ಶಿಪ್ ಸರ್ವೆಯಲ್ಲಿ ಪತ್ರಿಕೆಯ ಜೊತೆ ರೇಡಿಯೋ ಬಗ್ಗೆಯೂ ಕೇಳುತ್ತಿದ್ದರು, 2019ರ ನಂತರ ಅದೂ ನಿಂತಿತು. ಆಕಾಶವಾಣಿಗೆ ತನ್ನದೇ ಶ್ರೋತೃ ಸಂಶೋಧನಾ ಘಟಕ ಇದೆ, ಆಗಾಗ ಸರ್ವೆ ಮಾಡುತ್ತದೆ, ಆದರೆ ಅದು ವಾರವಾರದ ರೇಟಿಂಗ್ ಅಲ್ಲ. ಟಿವಿಗೆ ಬಾರ್ಕ್ ಎಂಬ ಸಂಸ್ಥೆಯ ಮೀಟರ್ ಇದೆ, ಟಿಆರ್‌ಪಿ ಎಂದು ಗಲಾಟೆ ನಡೆಯುತ್ತದೆ. ನಮ್ಮ ಕಡೆಯ ರೇಡಿಯೋಕ್ಕೆ ಅಂಥದ್ದು ಏನೂ ಇಲ್ಲ.

ಹಾಗಾಗಿ ಏಜೆಂಟರ ಕೈಯಲ್ಲಿ ಉಳಿಯುವ ‘ಪಕ್ಕಾ’ ಸಂಖ್ಯೆ ಒಂದೇ, ಆಪ್‌ನದು. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆಪ್‌ನಲ್ಲಿ ಆಕಾಶವಾಣಿಯ ನೂರಾರು ವಾಹಿನಿಗಳು ಸಿಗುತ್ತವೆ, ಯಾವ ಊರಲ್ಲಿ ಯಾವುದು ಹೆಚ್ಚು ಕೇಳುತ್ತಾರೆ ಎಂದು ಪಟ್ಟಿಯನ್ನೂ ಹೊರಡಿಸಿದ್ದುಂಟು. ಸರ್ವರ್ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಎಣಿಸುವುದು ಕನೆಕ್ಷನ್. ಚಹಾದಂಗಡಿಯ ಮೇಜಿನ ಮೇಲೆ ಒಂದು ಫೋನ್ ಇಟ್ಟು ಆರು ಜನ ವಾರ್ತೆ ಕೇಳಿದರೆ ಸರ್ವರಿಗೆ ಅದು ಒಂದು. ನೀವು ಅರಬೈಲಿನಲ್ಲಿ ನೆಟ್‌ವರ್ಕ್ ಹೋಗಿ ಬಂದು ಐದು ಸಲ ಕನೆಕ್ಟ್ ಆದರೆ ಅದು ಐದು ಸೆಷನ್. ಚೆನ್ನಾಗಿ ಎಣಿಸುವವರು ಒಂದು ನಿಮಿಷಕ್ಕಿಂತ ಚಿಕ್ಕ ಸೆಷನ್ ಬಿಟ್ಟುಬಿಡುತ್ತಾರೆ, ಫೋನಿನ ಗುರುತು ನೋಡಿ ಒಂದುಗೂಡಿಸುತ್ತಾರೆ. ಬರೀ ಐಪಿ ವಿಳಾಸ ನೋಡಿ ಎಣಿಸಿದರೆ ಇನ್ನೂ ಕಷ್ಟ. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಬಹಳ ಜನರಿಗೆ ಹಂಚುತ್ತವೆ. ಕಾರವಾರದಲ್ಲಿ ಕೂತು ಕೇಳಿದವನ ಊರು ಎಷ್ಟೋ ಸಲ ಬೆಂಗಳೂರು ಎಂದು ಬೀಳುತ್ತದೆ. ಮತ್ತೆ, ಕಾರವಾರ ಕೇಂದ್ರವನ್ನು ಆಪ್‌ನಲ್ಲಿ ಹುಡುಕಿ ಹಾಕುವವರಲ್ಲಿ ಮುಂಬೈ, ಪುಣೆ, ದುಬೈಗೆ ಹೋದ ನಮ್ಮವರು ಎಷ್ಟಿರಬಹುದು ಯೋಚಿಸಿ. ಅವರು ನಿಮ್ಮ ಅಂಗಡಿಗೆ ಪೈಪ್ ಕೊಳ್ಳಲು ಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಸಹಪ್ರಸಾರ ಬೇಕಾದರೆ ‘ಮನ್ ಕಿ ಬಾತ್’ ನೋಡಿ. 2014ರ ಅಕ್ಟೋಬರ್ 3ರಂದು ಶುರುವಾದದ್ದು, ಆಕಾಶವಾಣಿ, ದೂರದರ್ಶನ, ಖಾಸಗಿ ಸುದ್ದಿ ವಾಹಿನಿ, ಮೊಬೈಲ್ ಎಲ್ಲ ಕಡೆ ಒಟ್ಟಿಗೆ ಬರುತ್ತದೆ. ಒಂದೊಂದು ಮಾಧ್ಯಮದ ರೀಚ್ ತಂದು ಕೂಡಿಸಿದರೆ ಕೆಲಸಕ್ಕೆ ಬಾರದ ಸಂಖ್ಯೆ ಬರುತ್ತದೆ. ಅಂಥದಕ್ಕೆ ಇರುವುದು ಒಂದೇ ದಾರಿ. ಜನರನ್ನು ಆಯ್ದು, ‘ಎಲ್ಲಾದರೂ ಕೇಳಿದಿರಾ?’ ಎಂದು ಮೊದಲು ಕೇಳಬೇಕು, ಎಲ್ಲಿ ಎಂಬುದನ್ನು ಆಮೇಲೆ.

ಈಗ ನಿಮ್ಮ ವ್ಯವಹಾರಕ್ಕೆ ಬರೋಣ. ಆ ಏಜೆಂಟ್ ಮತ್ತೆ ಬಂದಾಗ ಮೊದಲು ಕೇಳಿ: ಈ ಸಂಖ್ಯೆ ವಾರದ್ದೋ, ಕಾಲು ಗಂಟೆಯದ್ದೋ? ವಾರದ್ದು ಅಂದರೆ, ಎರಡು ಕಡೆ ಕೇಳುವವರನ್ನು ಕಳೆದಿದ್ದೀರಾ ಎಂದು ಕೇಳಿ. ಉತ್ತರ ತಡವಾದರೆ ಕಳೆದಿಲ್ಲ ಎಂದೇ ಅರ್ಥ. ಆಮೇಲೆ, ನಮ್ಮ ಸ್ಪಾಟ್ ಮೂರು ಕಡೆಯೂ ಹೋಗುತ್ತದಾ ಎಂದು ಕೇಳಿ. ಇದೇ ಮುಖ್ಯ. ಕಾರವಾರ ಕೇಂದ್ರಕ್ಕೆ ಬುಕ್ ಮಾಡಿದ ಸ್ಪಾಟ್ ಧಾರವಾಡದ ಮೀಡಿಯಂ ವೇವ್‌ನಲ್ಲಿ ಹೋಗಬೇಕೆಂದಿಲ್ಲ. ಕಾರ್ಯಕ್ರಮ ರಿಲೇ ಆದರೂ ನಡುವಿನ ಜಾಹೀರಾತಿನ ಹೊತ್ತು ಆಯಾ ಕೇಂದ್ರದ್ದು. ಹೋಗದ ಕಡೆಯ ಕೇಳುಗರನ್ನು ನಿಮ್ಮ ಲೆಕ್ಕದಿಂದ ಹೊಡೆದು ಹಾಕಿ. ನಿಮ್ಮ ಅಪ್ಪ ಟ್ರಾನ್ಸಿಸ್ಟರಿನಲ್ಲಿ ಹಿಡಿದಿರುವುದು ಧಾರವಾಡವಾದರೆ ನಿಮ್ಮದೇ ಅಂಗಡಿಯ ಜಾಹೀರಾತು ಅವರಿಗೇ ಕೇಳಿಸದೆ ಇರಬಹುದು.

ರೇಟಿಂಗ್ ಇಲ್ಲದ ಕಡೆ ರೇಟ್ ಕಾರ್ಡ್ ಹೇಗೆ ಎಂದರೆ, ಕೇಂದ್ರದ ವರ್ಗ, ಹೊತ್ತು, ಸೆಕೆಂಡು ನೋಡಿ ನಿಗದಿ ಮಾಡಿರುತ್ತಾರೆ. ಕೇಂದ್ರ ಸರ್ಕಾರ ಖಾಸಗಿ ಎಫ್‌ಎಂಗಳಿಗೆ ಕೊಡುವ ತನ್ನ ಜಾಹೀರಾತಿಗೂ ಹತ್ತು ಸೆಕೆಂಡಿಗೆ ಮೂಲ ದರ ಎಂದು ಇಟ್ಟುಕೊಂಡಿದೆ, 2023ರಲ್ಲಿ ಅದನ್ನು 52 ರೂಪಾಯಿಂದ 74ಕ್ಕೆ ಏರಿಸಿತು. ಹಾಗಾಗಿ ‘ಇಷ್ಟು ಸಾವಿರ ಕೇಳುಗರು, ಅದಕ್ಕೇ ಇಷ್ಟು ರೇಟ್’ ಎಂಬ ಮಾತಿಗೆ ನಮ್ಮ ಕಡೆ ಹೆಚ್ಚು ಬುಡ ಇಲ್ಲ. ಚೌಕಾಸಿ ಮಾಡುವಾಗ ಧೈರ್ಯವಾಗಿ ಮಾಡಿ.

ನಿಮ್ಮದೇ ಒಂದು ಲೆಕ್ಕ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಸ್ಪಾಟ್ ಹೋಗುವ ವಾರಗಳಲ್ಲಿ ಗಲ್ಲಾ ಪೆಟ್ಟಿಗೆಯ ಹತ್ತಿರ ಒಂದು ನೋಟ್‌ಬುಕ್ ಇಡಿ. ಗಿರಾಕಿಗೆ ‘ಯಾವ ರೇಡಿಯೋ ಕೇಳ್ತೀರಿ’ ಎಂದು ಕೇಳಬೇಡಿ, ‘ಆಕಾಶವಾಣಿ’ ಎಂಬ ಉತ್ತರ ಬಂದು ಅಲ್ಲಿಗೇ ಮುಗಿಯುತ್ತದೆ. ‘ಇವತ್ತು ಬೆಳಿಗ್ಗೆ ರೇಡಿಯೋ ಹಚ್ಚಿದ್ರಾ? ಎಷ್ಟು ಗಂಟೆಗೆ? ಕಾರಲ್ಲೋ, ಮನೇಲೋ, ಮೊಬೈಲಲ್ಲೋ?’ ಎಂದು ಕೇಳಿ. ಜಾಹೀರಾತು ನೆನಪಿದೆಯಾ ಎಂದು ಕೊನೆಗೆ ಕೇಳಿ, ಮೊದಲೇ ಕೇಳಿದರೆ ಮರ್ಯಾದೆಗೆ ಎಲ್ಲರೂ ಹೌದು ಅನ್ನುತ್ತಾರೆ. ಒಬ್ಬರಿಗೆ ಒಂದೇ ಸಾಲು, ಎರಡು ಕಡೆ ಕೇಳುವವರಿದ್ದರೆ ಅದೇ ಸಾಲಿನಲ್ಲಿ ಎರಡು ಗುರುತು. ನಾಲ್ಕು ವಾರ ಹೀಗೆ ಬರೆದ ಮೇಲೆ, ಸಾಲು ಎಷ್ಟು, ಗುರುತು ಎಷ್ಟು ಎಂದು ಬೇರೆ ಬೇರೆ ಎಣಿಸಿ ನೋಡಿ. ಏಜೆಂಟ್ ಮುಂದಿನ ಸಲ ಬಂದಾಗ ನೋಟ್‌ಬುಕ್ ಮೇಜಿನ ಮೇಲೆ ಇಟ್ಟೇ ಮಾತು ಶುರು ಮಾಡಿ.